ವಿರಳ ಆಸಕ್ತಿಗೆ ಯಾವ ಬಳಗ? ಉತ್ತರ ಕನ್ನಡದ ಹವ್ಯಾಸಿಗಳಿಗೊಂದು ಹೋಲಿಕೆ

ಶಿರಸಿ ಪೇಟೆಯಲ್ಲಿ ಅಡಿಕೆ ದರದ ಬಗ್ಗೆ ಮಾತನಾಡಲು ಜನರನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಕಾರವಾರದ ಮೀನುಪೇಟೆಯಲ್ಲಿ ಬಂಗಡೆಯ ಬಗ್ಗೆ ಅಭಿಪ್ರಾಯವಿಲ್ಲದವರೇ ಇಲ್ಲ. ಆದರೆ ಮಳೆಗಾಲದ ರಾತ್ರಿ ಜಗಲಿಯ ದೀಪಕ್ಕೆ ಬಂದು ಗೋಡೆಗೆ ಅಂಟಿಕೊಂಡ ಪತಂಗದ ಹೆಸರೇನೆಂದು ತಿಳಿಯಬಯಸುವವರು, ಯಕ್ಷಗಾನದ ಹಳೆಯ ಕ್ಯಾಸೆಟ್ಟಿನಲ್ಲಿ ಕೇಳುವ ಭಾಗವತರ ದನಿ ಯಾರದೆಂದು ಗುರುತಿಸಬೇಕೆನ್ನುವವರು, ಬೆಟ್ಟದಂಚಿನ ಒಂಟಿ ಅಪ್ಪೆಮರದ (ಉಪ್ಪಿನಕಾಯಿಯ ಕಾಡುಮಾವು) ಮಿಡಿಯನ್ನು ಹೋಲುವ ಮಿಡಿ ಇನ್ನೆಲ್ಲಾದರೂ ಸಿಗುತ್ತದೆಯೇ ಎಂದು ಅರಸುವವರು ಒಂದು ಊರಿನಲ್ಲಿ ಒಬ್ಬಿಬ್ಬರು ಮಾತ್ರ. ಮನೆಯವರಿಗೆ ಅದು ಕೆಲಸವಿಲ್ಲದವರ ಕೆಲಸ, ನೆಂಟರಿಗೆ ತಮಾಷೆ. ಇಂಥವರನ್ನು ದೂರದೂರದ ಊರುಗಳಿಂದ ಒಂದೆಡೆ ಕೂಡಿಸುವ ಅಂತರ್ಜಾಲದ ಸಣ್ಣ ಬಳಗಗಳ ಆಕರ್ಷಣೆಯಿರುವುದು, ‘ಇದೆಲ್ಲ ನಿನಗ್ಯಾಕೆ’ ಎಂಬ ಮಾತು ಅಲ್ಲಿ ಕೇಳಿಬರದಿರುವುದರಲ್ಲಿ. ಅಲ್ಲಿ ಪ್ರಶ್ನೆ ಕೇಳಿದರೆ ಉತ್ತರಕ್ಕಿಂತ ಮೊದಲು ಮರುಪ್ರಶ್ನೆ ಬರುತ್ತದೆ: ರೆಕ್ಕೆಯ ಅಡಿಭಾಗದ ಚಿತ್ರವಿದೆಯೇ, ಘಟ್ಟದ ಮೇಲೋ ಕೆಳಗೋ, ಯಾವ ತಿಂಗಳು? ಹೀಗೆ ಮರುಪ್ರಶ್ನೆ ಕೇಳುವವರು ಸಿಕ್ಕಿದರೆ ಬಳಗ ಸಿಕ್ಕಿತೆಂದೇ ಲೆಕ್ಕ.

ಇಂಥ ಬಳಗ ಸೇರಬೇಕೆನ್ನುವವರ ಮುಂದೆ ಇಂದು ಹಲವು ದಾರಿಗಳಿವೆ. ಊರಿನವರದೇ ವಾಟ್ಸಾಪ್ ಗುಂಪು, ಫೇಸ್‌ಬುಕ್ ಗುಂಪು, ಟೆಲಿಗ್ರಾಂ, ಡಿಸ್ಕಾರ್ಡ್, ಇವುಗಳ ಜೊತೆಗೆ ಮಾತಿಗಿಂತ, ಕಂಡ ಜೀವಿಗಳ ದಾಖಲೆಗೇ ಮಹತ್ವ ಕೊಡುವ ಐನ್ಯಾಚುರಲಿಸ್ಟ್, ಇಬರ್ಡ್‌ನಂತಹ ತಾಣಗಳು. ಯಾವ ಆ್ಯಪ್ ಒಳ್ಳೆಯದು ಎಂದು ಹಲವರು ಕೇಳುತ್ತಾರೆ. ಆ ಪ್ರಶ್ನೆಯನ್ನು ನಾನು ಎರಡನೆಯ ಸ್ಥಾನಕ್ಕೆ ತಳ್ಳುತ್ತೇನೆ. ನಿಮ್ಮ ಹವ್ಯಾಸದ ಸರಕು ಯಾವುದು, ಅದು ಫೋನಿನಲ್ಲಿ ಎಷ್ಟರಮಟ್ಟಿಗೆ ಸಾಗಬಲ್ಲದು ಎಂಬುದನ್ನು ಮೊದಲು ನೋಡಬೇಕು. ಆ ಉತ್ತರ ಸಿಕ್ಕಿದ ಮೇಲೆ ಆ್ಯಪ್‌ನ ಆಯ್ಕೆ ಬಹುಪಾಲು ತಾನಾಗಿ ಆಗುತ್ತದೆ.

ಸರಕು ಯಾವುದು?

ಪತಂಗ, ಹಕ್ಕಿ, ಜೇಡ, ಸೀತಾಳೆ (ಆರ್ಕಿಡ್) ಮುಂತಾದವು ಚಿತ್ರದಲ್ಲಿ ಸಾಗುತ್ತವೆ. ಒಳ್ಳೆಯ ಚಿತ್ರವಿದ್ದರೆ ಸಿದ್ದಾಪುರದ ಪತಂಗವನ್ನು ಪುಣೆಯಲ್ಲಿ ಕೂತವರೂ ಗುರುತಿಸಬಲ್ಲರು. ಯಕ್ಷಗಾನದ ಹಳೆಯ ಧ್ವನಿಮುದ್ರಣಗಳು ದನಿಯಲ್ಲಿ ಸಾಗುತ್ತವೆ. ಆದರೆ ಬಡಗುತಿಟ್ಟಿನ ಯಾವ ಮಟ್ಟು, ಯಾವ ಮೇಳದ ಶೈಲಿ ಎಂದು ಹೇಳಬಲ್ಲ ಕಿವಿಗಳು ಹೊನ್ನಾವರ, ಕುಮಟಾ, ಸಿದ್ದಾಪುರ, ಕುಂದಾಪುರಗಳ ಸುತ್ತಮುತ್ತಲೇ ಹೆಚ್ಚು. ಹಾಗಾಗಿ ಅಲ್ಲಿ ಜಾಗತಿಕ ತಾಣಕ್ಕಿಂತ ಊರಿನ ಗುಂಪಿಗೆ ತೂಕ ಹೆಚ್ಚು.

ಅಪ್ಪೆಮಿಡಿಯ ವಿಷಯ ಬೇರೆಯೇ. ಜೀರಿಗೆ ಅಪ್ಪೆಯನ್ನು ಜೀರಿಗೆ ಅಪ್ಪೆಯೆಂದು ತಿಳಿಯುವುದು ತೊಟ್ಟು ಮುರಿದಾಗ ಚಿಮ್ಮುವ ಸೊನೆಯ ಪರಿಮಳದಿಂದ. ಅದು ಯಾವ ಕ್ಯಾಮರಾಕ್ಕೂ ಸಿಗುವುದಿಲ್ಲ. ಮಿಡಿಯ ಆಕಾರ, ಎಲೆಯ ಉದ್ದ, ಗೊಂಚಲಿನಲ್ಲಿ ಎಷ್ಟು ಕಾಯಿ ಎಂಬುದನ್ನೆಲ್ಲ ಚಿತ್ರದಲ್ಲಿ ತೋರಿಸಬಹುದು, ಆದರೆ ಉಪ್ಪಿನಲ್ಲಿ ಹಾಕಿದ ಮಿಡಿ ಮರುವರ್ಷಕ್ಕೂ ಗಟ್ಟಿಯಾಗಿ ಉಳಿಯುತ್ತದೆಯೇ ಎಂಬುದನ್ನು ಭರಣಿಯ ಮುಚ್ಚಳ ತೆಗೆದವರೇ ಹೇಳಬೇಕು. ಅನಂತಭಟ್ಟನ ಅಪ್ಪೆಯಂತಹ ಪ್ರಸಿದ್ಧ ತಳಿಗಳ ಹೆಸರಿನಲ್ಲಿಯೂ ಕಸಿಗಿಡಗಳು ಬೇರೆಬೇರೆ ನರ್ಸರಿಗಳಿಂದ ಬರುವುದರಿಂದ ತಾಯಿಮರವನ್ನು ಕಂಡವರ ಮಾತಿಗೆ ಬೆಲೆ ಇದೆ. ಕಸಿಕಡ್ಡಿ ಕತ್ತರಿಸಿದ ಮೇಲೆ ಅದು ಬೇಗನೆ ಕಸಿ ಕಟ್ಟುವವರ ಕೈ ಸೇರಬೇಕು. ಇಂಥ ಹವ್ಯಾಸಕ್ಕೆ ಸಾವಿರಾರು ಜನರ ಗುಂಪು ಅನಗತ್ಯ. ಬಸ್ಸಿನಲ್ಲಿ ಹೋಗಿ ಸಂಜೆಯೊಳಗೆ ಮನೆಗೆ ಮರಳಬಹುದಾದಷ್ಟು ದೂರದಲ್ಲಿರುವ ಮೂವತ್ತು ಜನ ಸಾಕು.

ಕೈಯಿಂದ ಕೈಗೆ ಹೋಗಬೇಕಾದದ್ದಕ್ಕೆ ಹತ್ತಿರದ ಬಳಗ, ಚಿತ್ರದಲ್ಲಿ ಹೋಗಬಲ್ಲದ್ದಕ್ಕೆ ದೂರದ ಬಳಗ, ದನಿಯಲ್ಲಿ ಹೋಗುವುದಕ್ಕೆ ಎರಡರ ನಡುವಿನದು ಎಂಬ ಸ್ಥೂಲ ಅಳತೆಯನ್ನು ಇಟ್ಟುಕೊಂಡು ಮುಂದಿನ ಹೋಲಿಕೆಯನ್ನು ಓದಬಹುದು.

ವಾಟ್ಸಾಪ್ ಗುಂಪು

ಉತ್ತರ ಕನ್ನಡದಲ್ಲಿ ಬಹುತೇಕ ಎಲ್ಲ ಹವ್ಯಾಸಿ ಬಳಗಗಳೂ ಹುಟ್ಟುವುದು ಇಲ್ಲಿಯೇ, ಮತ್ತು ಅದಕ್ಕೆ ಕಾರಣಗಳಿವೆ. ಎಲ್ಲರ ಫೋನಿನಲ್ಲಿಯೂ ಅದು ಮೊದಲೇ ಇರುತ್ತದೆ. ಜೋಯಿಡಾದ ಒಳಹಳ್ಳಿಯಲ್ಲಿಯೋ, ಶಿರಸಿಯ ಪಶ್ಚಿಮದ ಕಣಿವೆಗಳಲ್ಲಿಯೋ ನೆಟ್‌ವರ್ಕ್ ಸಿಗುವುದು ತೋಟದ ದಾರಿಯ ಒಂದು ತಿರುವಿನಲ್ಲಿ ಮಾತ್ರ ಎಂಬ ಮನೆಗಳಿಗೂ ಅದು ತಲುಪುತ್ತದೆ. ಕಳಿಸಿದ ಸಂದೇಶ ಕಾದು ಕೂತು, ಸಂಪರ್ಕ ಸಿಕ್ಕ ಕ್ಷಣದಲ್ಲಿ ಹೋಗುತ್ತದೆ. ಟೈಪ್ ಮಾಡಲು ಕಷ್ಟಪಡುವ ಹಿರಿಯರು ಧ್ವನಿ ಸಂದೇಶ ಕಳಿಸುತ್ತಾರೆ, ಮತ್ತು ಯಕ್ಷಗಾನ, ನಾಟಿ ಔಷಧ, ಹಳೆಯ ತಳಿಗಳಂತಹ ವಿಷಯಗಳಲ್ಲಿ ತಿಳಿದವರು ಬಹುಪಾಲು ಆ ಹಿರಿಯರೇ. ಅವರನ್ನು ಬಿಟ್ಟು ಬೇರೆ ಆ್ಯಪ್‌ಗೆ ಹೋದ ಬಳಗ ತನ್ನ ತಿಳಿವಳಿಕೆಯ ಅರ್ಧವನ್ನು ಹಿಂದೆ ಬಿಟ್ಟು ಹೋದ ಹಾಗೆ.

ಕೊರತೆಯೂ ಅಷ್ಟೇ ದೊಡ್ಡದು. ಅಲ್ಲಿ ಬಿದ್ದ ಮಾತು ಮಳೆಗಾಲದ ಹಳ್ಳದಲ್ಲಿ ತೇಲಿ ಹೋದ ಎಲೆಯಂತೆ. ಕಳೆದ ವರ್ಷ ಯಾರೋ ಗುರುತಿಸಿ ಹೇಳಿದ್ದ ಸೀತಾಳೆಯ ಹೆಸರನ್ನು ಈ ವರ್ಷ ಹುಡುಕಿದರೆ, ಹೆಸರಿನ ಕಾಗುಣಿತ ನೆನಪಿದ್ದರೆ ಮಾತ್ರ ಸಿಕ್ಕೀತು. ಹೊಸದಾಗಿ ಸೇರಿದವರಿಗೆ ಹಿಂದಿನ ವರ್ಷಗಳ ಮಾತುಕತೆ ಕಾಣುವುದಿಲ್ಲವಾದ್ದರಿಂದ ಅದೇ ಪ್ರಶ್ನೆ ಮತ್ತೆ ಬರುತ್ತದೆ, ಅದೇ ಉತ್ತರ ಕೊಟ್ಟು ಬೇಸತ್ತವರು ಮೌನಕ್ಕೆ ಜಾರುತ್ತಾರೆ. ಫೋನ್ ಕಳೆದು ಬ್ಯಾಕಪ್ ಇಲ್ಲದಿದ್ದರೆ ಎಲ್ಲವೂ ಹೋಯಿತು.

ಚಿತ್ರದ ಗುಣಮಟ್ಟವನ್ನೂ ಗಮನಿಸಬೇಕು. ಸಾಮಾನ್ಯವಾಗಿ ಚಿತ್ರವಾಗಿ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ. ಪತಂಗದ ರೆಕ್ಕೆಯ ಅಂಚಿನ ಸಣ್ಣ ಗೆರೆಗಳು, ಅಂದರೆ ಎರಡು ಹತ್ತಿರದ ಜಾತಿಗಳನ್ನು ಬೇರ್ಪಡಿಸುವ ಗುರುತುಗಳೇ, ಮಸುಕಾಗುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲಚಿತ್ರ ಹಾಗೇ ಹೋಗುತ್ತದೆ, ಆದರೆ ಆಗ ಚಿತ್ರದೊಳಗೆ ಫೋನ್ ಬರೆದಿಟ್ಟ ದಿನ, ಸಮಯ ಮತ್ತು ಲೊಕೇಶನ್ ಆನ್ ಇದ್ದರೆ ತೆಗೆದ ಜಾಗವೂ ಜೊತೆಗೇ ಹೋಗುತ್ತವೆ. ಮನೆಯಂಗಳದ ಪತಂಗಕ್ಕೆ ಇದರಿಂದ ತೊಂದರೆಯಿಲ್ಲ. ಮಂಗಟ್ಟೆ ಹಕ್ಕಿಯ (ಹಾರ್ನ್‌ಬಿಲ್) ಗೂಡಿರುವ ಮರಕ್ಕೆ ತೊಂದರೆಯಿದೆ.

ಮತ್ತೊಂದು ವಿಷಯವನ್ನು ಗಂಡಸರು ಕಡೆಗಣಿಸುವುದೇ ಹೆಚ್ಚು: ಗುಂಪಿನಲ್ಲಿರುವ ಎಲ್ಲರಿಗೂ ಎಲ್ಲರ ಫೋನ್ ನಂಬರ್ ಕಾಣುತ್ತದೆ. ಪರಿಚಯವಿಲ್ಲದ ನೂರು ಜನರಿಗೆ ನಂಬರ್ ಕೊಡಲು ಮನಸ್ಸಿಲ್ಲದೆ ಎಷ್ಟೋ ಹೆಣ್ಣುಮಕ್ಕಳು ಇಂಥ ಗುಂಪುಗಳಿಂದ ದೂರ ಉಳಿಯುತ್ತಾರೆ. ಪರಸ್ಪರ ಮುಖ ಕಂಡವರ ಗುಂಪಾದರೆ ಸರಿ. ಲಿಂಕ್ ಒತ್ತಿ ಯಾರು ಬೇಕಾದರೂ ಸೇರುವ ಗುಂಪಾದರೆ ವಾಟ್ಸಾಪ್ ಸೂಕ್ತವಲ್ಲ ಎಂದೇ ನನ್ನ ಅಭಿಪ್ರಾಯ.

ಸದಸ್ಯರ ಮಿತಿ ಹಿಂದೆ 256 ಇತ್ತು, 2022ರಲ್ಲಿ ಮೊದಲು 512ಕ್ಕೆ, ಅನಂತರ 1024ಕ್ಕೆ ಏರಿತು. ಹವ್ಯಾಸಿ ಬಳಗಕ್ಕೆ ಇದರಿಂದ ಒಳಿತಾಯಿತೆಂದು ನನಗೆ ಅನ್ನಿಸಿಲ್ಲ. ಮಿತಿ ಸಣ್ಣದಿದ್ದಾಗ ಸುಮ್ಮನೆ ಕೂತವರನ್ನು ಕೇಳಿ ಜಾಗ ಖಾಲಿ ಮಾಡಿಸಬೇಕಾಗುತ್ತಿತ್ತು. ಆ ನೆಪದಲ್ಲಾದರೂ ಗುಂಪು ತನ್ನನ್ನು ತಾನು ನೋಡಿಕೊಳ್ಳುತ್ತಿತ್ತು.

ದಾಖಲೆಯ ತಾಣಗಳು

ಐನ್ಯಾಚುರಲಿಸ್ಟ್ 2008ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳ ಯೋಜನೆಯಾಗಿ ಶುರುವಾಯಿತು. ಈಗ ಲಾಭದಾಸೆಯಿಲ್ಲದ ಸ್ವತಂತ್ರ ಸಂಸ್ಥೆಯಾಗಿ ನಡೆಯುತ್ತಿದೆ. ಲೆಕ್ಕಕ್ಕೆ ಅದು ಬೃಹತ್ ತಾಣ, ಆದರೆ ಒಳಗೆ ಹೋದರೆ ಸಣ್ಣ ಸಣ್ಣ ಬಳಗಗಳ ಸಮೂಹ. ದಕ್ಷಿಣ ಭಾರತದ ಒಂದು ಪತಂಗ ಕುಟುಂಬವನ್ನು ನೋಡಿ ಹೆಸರು ಹೇಳುವವರು ಬೆರಳೆಣಿಕೆಯಷ್ಟು ಮಂದಿ, ಮತ್ತು ಕೆಲವೇ ತಿಂಗಳುಗಳಲ್ಲಿ ಅವರ ಬಳಕೆದಾರ ಹೆಸರುಗಳು ನಿಮಗೆ ಪರಿಚಿತವಾಗುತ್ತವೆ.

ಅದರ ಕೆಲಸದ ರೀತಿಯನ್ನು ಒಂದು ಪತಂಗದ ಮೂಲಕವೇ ನೋಡಬಹುದು. ಜಗಲಿಯಲ್ಲಿ ಬಿಳಿಯ ಪಂಚೆ ಕಟ್ಟಿ, ಮುಂದೆ ಒಂದು ದೀಪ ಇಟ್ಟರೆ ಗಂಟೆಯೊಳಗೆ ಹತ್ತಾರು ಬಗೆಯ ಪತಂಗಗಳು ಬಂದು ಕೂರುತ್ತವೆ. ಒಣಗಿದ ಎಲೆಯ ಬಣ್ಣದ, ರೆಕ್ಕೆಗಳನ್ನು ಬಟ್ಟೆಗೆ ಚಪ್ಪಟೆಯಾಗಿ ಹರವಿದ ಒಂದನ್ನು ಆರಿಸಿ, ನೇರವಾಗಿ ಮೇಲಿನಿಂದ ಒಂದು ಚಿತ್ರ, ಬದಿಯಿಂದ ಮೀಸೆ ಕಾಣುವಂತೆ ಇನ್ನೊಂದು, ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಮತ್ತೊಂದು ತೆಗೆಯಬೇಕು. ದಿನಾಂಕ ಮತ್ತು ಜಾಗ ಸಹಿತ ಏರಿಸಿದಾಗ ತಾಣದ ಗಣಕ ತಾನೇ ಕೆಲವು ಹೆಸರುಗಳನ್ನು ಸೂಚಿಸುತ್ತದೆ. ಅಟ್ಲಾಸ್ ಪತಂಗದಂತಹ ದೊಡ್ಡದಾದರೆ ಆ ಸೂಚನೆ ಸಾಮಾನ್ಯವಾಗಿ ಸರಿಯಾಗಿರುತ್ತದೆ. ಕಂದು ಬಣ್ಣದ ಸಣ್ಣದಾದರೆ ಅದನ್ನು ನಂಬದೆ ‘ಪತಂಗ’ ಎಂದಷ್ಟೇ ಬರೆದು ಬಿಡುವುದು ಒಳ್ಳೆಯದು. ಯಾರೋ ಒಬ್ಬರು ಬಂದು ಅದನ್ನು ಜಿಯೋಮೆಟ್ರಿಡೇ ಕುಟುಂಬಕ್ಕೆ ತರುತ್ತಾರೆ, ಇನ್ನೊಬ್ಬರು ಕುಲದ ಹೆಸರು ಹೇಳುತ್ತಾರೆ, ಮೂರನೆಯವರು ಒಪ್ಪುವುದಿಲ್ಲ, ಕಾರಣ ಕೊಡುತ್ತಾರೆ. ಗುರುತಿಸಿದವರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಮಂದಿ ಒಂದೇ ಜಾತಿಯ ಹೆಸರಿಗೆ ಒಪ್ಪಿದರೆ ಆ ದಾಖಲೆಗೆ ಸಂಶೋಧನೆಗೆ ಯೋಗ್ಯ ಎಂಬ ದರ್ಜೆ ಸಿಗುತ್ತದೆ. ದಾಖಲೆಗೆ ಸೂಕ್ತ ಪರವಾನಗಿಯಿದ್ದರೆ ಅದು ಜಾಗತಿಕ ಜೀವವೈವಿಧ್ಯ ದತ್ತಾಂಶಕೋಶಕ್ಕೂ ಹೋಗುತ್ತದೆ.

ಈ ಇಡೀ ವ್ಯವಹಾರ ಒಂದು ರಾತ್ರಿಯಲ್ಲಿಯೂ ಮುಗಿಯಬಹುದು, ಎರಡು ವರ್ಷಗಳಷ್ಟು ಎಳೆಯಲೂಬಹುದು. ಹಲವು ಪತಂಗಗಳನ್ನು ಚಿತ್ರ ನೋಡಿ ಜಾತಿಯ ಮಟ್ಟದವರೆಗೆ ಹೇಳಲು ಸಾಧ್ಯವೇ ಇಲ್ಲ, ಜನನಾಂಗದ ರಚನೆಯನ್ನು ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ. ಹಾಗಾಗಿ ತಕ್ಷಣದ ಉತ್ತರ ಬೇಕೆನ್ನುವವರಿಗೆ ಇದು ನಿರಾಸೆ ತಂದೀತು. ಮಾತುಕತೆ ಹೆಚ್ಚಾಗಿ ಇಂಗ್ಲಿಷಿನಲ್ಲಿ, ಅದೂ ಎರಡು ಸಾಲು ಮೀರುವುದು ಕಡಿಮೆ. ಆದರೆ ಇಲ್ಲಿ ತಿದ್ದುವಿಕೆ ಉಳಿಯುತ್ತದೆ. ಯಾರು ಯಾವಾಗ ಏನು ಹೇಳಿದರು, ಯಾಕೆ ಬದಲಾಯಿಸಿದರು ಎಂಬುದೆಲ್ಲ ಚಿತ್ರದ ಕೆಳಗೆ ಸಾಲಾಗಿ ನಿಂತಿರುತ್ತದೆ, ಹತ್ತು ವರ್ಷಗಳ ಬಳಿಕ ಯಲ್ಲಾಪುರದ ಒಬ್ಬ ವಿದ್ಯಾರ್ಥಿ ಅದನ್ನು ಓದಿ ಕಲಿಯಬಹುದು. ಸಣ್ಣ ಬಳಗದ ಹಿರಿಮೆ ತಪ್ಪನ್ನು ಸೌಜನ್ಯದಿಂದ ತಿದ್ದುವುದರಲ್ಲಿದೆ ಎಂದಾದರೆ, ಆ ತಿದ್ದುವಿಕೆಯನ್ನು ಉಳಿಸಿಕೊಳ್ಳುವ ವ್ಯವಸ್ಥೆ ಈ ಹೋಲಿಕೆಯಲ್ಲಿ ಬೇರೆ ಯಾವುದಕ್ಕೂ ಇಷ್ಟು ಚೆನ್ನಾಗಿಲ್ಲ.

ಮಳೆಗಾಲದ ವಿದ್ಯುತ್ ವ್ಯತ್ಯಯಕ್ಕೂ ಇದು ಹೊಂದಿಕೊಳ್ಳುತ್ತದೆ. ಚಿತ್ರಗಳನ್ನು ಫೋನಿನಲ್ಲಿ ಇಟ್ಟುಕೊಂಡು, ಪೇಟೆಗೆ ಹೋದ ದಿನ ಏರಿಸಿದರೂ ಚಿತ್ರ ತೆಗೆದ ದಿನಾಂಕವೇ ದಾಖಲಾಗುತ್ತದೆ. 2012ರಿಂದ ಜುಲೈ ಕೊನೆಯ ಭಾಗದಲ್ಲಿ ನಡೆಯುವ ಪತಂಗ ಸಪ್ತಾಹದಲ್ಲಿ ಜಗತ್ತಿನ ಅನೇಕ ಕಡೆಯವರು ಪಾಲ್ಗೊಳ್ಳುತ್ತಾರೆ. ಆ ವಾರ ನಮ್ಮ ಘಟ್ಟದ ಮೇಲೆ ಜಡಿಮಳೆಯ ವಾರ. ದೂರದೇಶದವರ ಸಲಹೆಯಂತೆ ಅಂಗಳದ ನಡುವೆ ಬಟ್ಟೆ ಕಟ್ಟಿದರೆ ಪತಂಗಕ್ಕಿಂತ ಮೊದಲು ಬಟ್ಟೆಯನ್ನೇ ಹುಡುಕಬೇಕಾದೀತು. ಸೂರಿನ ಒಳಗೆ ಕಟ್ಟುವುದೇ ಸರಿ.

ಹಕ್ಕಿಗಳ ಮಟ್ಟಿಗೆ 2002ರಲ್ಲಿ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯವು ಆಡುಬಾನ್ ಸೊಸೈಟಿಯೊಂದಿಗೆ ಶುರುಮಾಡಿದ ಇಬರ್ಡ್ ಹೆಚ್ಚು ಶಿಸ್ತಿನದು. ಅಲ್ಲಿ ಬಿಡಿ ಹಕ್ಕಿಯ ಬದಲು ಎಷ್ಟು ಹೊತ್ತು ನೋಡಿದಿರಿ, ಯಾವ ಯಾವ ಹಕ್ಕಿ ಎಷ್ಟೆಷ್ಟು ಕಂಡವು ಎಂಬ ಪೂರ್ಣ ಪಟ್ಟಿಗೇ ಮಹತ್ವ. ಅಪರೂಪದ ದಾಖಲೆ ಬಂದರೆ ಆ ಪ್ರದೇಶದ ಪರಿಶೀಲಕರು ಪುರಾವೆ ಕೇಳಿ ಬರೆಯುತ್ತಾರೆ. ಹರಟೆಗೆ ಅಲ್ಲಿ ಎಡೆಯಿಲ್ಲ. ಹಕ್ಕಿ ನೋಡುವವರಲ್ಲಿ ಹರಟೆ ಬೇಡವೆನ್ನುವವರೂ ಬಹಳ ಮಂದಿ ಇದ್ದಾರೆ, ಅವರಿಗೆ ಇದು ಹೇಳಿ ಮಾಡಿಸಿದ ಜಾಗ.

ಯಕ್ಷಗಾನದ ಧ್ವನಿಮುದ್ರಣ, ಹಳೆಯ ಹಸ್ತಪ್ರತಿಗಳ ಚಿತ್ರ ಮುಂತಾದವುಗಳಿಗೆ ಇಂಟರ್ನೆಟ್ ಆರ್ಕೈವ್, ಊರು, ಕೆರೆ, ದೇವಾಲಯಗಳ ಮಾಹಿತಿಗೆ 2003ರಿಂದ ಇರುವ ಕನ್ನಡ ವಿಕಿಪೀಡಿಯ ಇದೇ ಬಗೆಯ ದಾಖಲೆಯ ತಾಣಗಳು. ಕನ್ನಡ ವಿಕಿಪೀಡಿಯದಲ್ಲಿ ನಿಯತವಾಗಿ ಬರೆಯುವವರ ಸಂಖ್ಯೆ ಚಿಕ್ಕದು, ಹಾಗಾಗಿ ಹೊಸಬರು ಬಂದರೆ ಬೇಗನೆ ಗಮನಕ್ಕೆ ಬರುತ್ತಾರೆ. ಆರ್ಕೈವ್‌ಗೆ ಏರಿಸುವ ಮುನ್ನ ಧ್ವನಿಯ ಹಕ್ಕು ಯಾರದೆಂದು ಕಲಾವಿದರ ಮನೆಯವರನ್ನು, ಕ್ಯಾಸೆಟ್ಟು ಹೊರತಂದವರನ್ನು ಕೇಳಿಕೊಳ್ಳಬೇಕು. ಇಡಗುಂಜಿಯ ಕೆರೆಮನೆ ಮೇಳದಂತಹ, 1934ರಿಂದ ನಡೆದುಬಂದ ಮೇಳಗಳ ಹಳೆಯ ಆಟಗಳನ್ನು ಖಾಸಗಿಯಾಗಿ ಮುದ್ರಿಸಿಟ್ಟುಕೊಂಡವರು ಜಿಲ್ಲೆಯಲ್ಲಿ ಇದ್ದೇ ಇರುತ್ತಾರೆ. ಟೇಪು ಬೂಸಲು ಹಿಡಿಯುವ ಮೊದಲೇ ಅದನ್ನು ಡಿಜಿಟಲ್ ಮಾಡುವುದು ಗುಂಪಿನ ಚರ್ಚೆಗಿಂತ ತುರ್ತಿನ ಕೆಲಸ.

ಫೇಸ್‌ಬುಕ್, ಟೆಲಿಗ್ರಾಂ, ಡಿಸ್ಕಾರ್ಡ್

ಫೇಸ್‌ಬುಕ್ ಗುಂಪಿನ ಬಲ ಹುಡುಕಾಟದಲ್ಲಿದೆ. ಹಳೆಯ ಪೋಸ್ಟುಗಳು ಸಿಗುತ್ತವೆ, ಒಂದೊಂದು ಚಿತ್ರದ ಕೆಳಗೆ ಅದರದೇ ಚರ್ಚೆ ನಿಲ್ಲುತ್ತದೆ, ಸೇರುವ ಮುನ್ನ ಪ್ರಶ್ನೆ ಕೇಳುವ ಅವಕಾಶ ನಿರ್ವಾಹಕರಿಗೆ ಇರುತ್ತದೆ, ಫೋನ್ ನಂಬರ್ ಯಾರಿಗೂ ಕಾಣಬೇಕಿಲ್ಲ. ಮಧ್ಯವಯಸ್ಸಿನವರು ಇನ್ನೂ ಅಲ್ಲಿದ್ದಾರೆ. ಕೊರತೆಯೆಂದರೆ ಯಾವ ಪೋಸ್ಟು ಯಾರಿಗೆ ಕಾಣಬೇಕೆಂದು ನಿರ್ಧರಿಸುವುದು ಕಂಪನಿಯ ಲೆಕ್ಕಾಚಾರ; ಬಳಗದ ಅತ್ಯುತ್ತಮ ಪ್ರಶ್ನೆ ಮೂರು ಜನರಿಗೆ ಕಂಡು, ಸೂರ್ಯಾಸ್ತದ ಚಿತ್ರ ಮುನ್ನೂರು ಜನರಿಗೆ ಕಾಣುವುದುಂಟು. ಮೆಚ್ಚುಗೆಯ ಎಣಿಕೆ ಕಣ್ಣಿಗೆ ಬೀಳುವ ಕಡೆಯಲ್ಲಿ ಹವ್ಯಾಸಿಗಳು ಕ್ರಮೇಣ ಚಂದದ ಚಿತ್ರಗಳತ್ತ ವಾಲುತ್ತಾರೆ, ಕಂದು ಬಣ್ಣದ ಪತಂಗವನ್ನು ಕೇಳುವವರಿಲ್ಲ.

ಟೆಲಿಗ್ರಾಂ 2013ರಲ್ಲಿ ಬಂದದ್ದು. ಒಂದು ಗುಂಪಿನಲ್ಲಿ 2,00,000 ಜನರವರೆಗೆ ಇರಬಹುದು ಎಂಬುದು ಸಣ್ಣ ಬಳಗಕ್ಕೆ ಲೆಕ್ಕಕ್ಕಿಲ್ಲ. ಫೋನ್ ನಂಬರ್ ಮರೆಮಾಡಿ ಬಳಕೆದಾರ ಹೆಸರಿನಿಂದ ಇರಬಹುದೆಂಬುದು, ಹೊಸಬರಿಗೆ ಹಳೆಯ ಮಾತುಕತೆಯನ್ನೂ ಕಾಣುವಂತೆ ಮಾಡಬಹುದೆಂಬುದು, ದೊಡ್ಡ ಧ್ವನಿಕಡತಗಳನ್ನು ಹಾಗೇ ಕಳಿಸಬಹುದೆಂಬುದು ಮುಖ್ಯ. ರಾತ್ರಿಯಿಡೀ ನಡೆದ ಯಕ್ಷಗಾನದ ಆಟದ ಮುದ್ರಣಗಳನ್ನು ಹಂಚಿಕೊಳ್ಳುವ ಬಳಗಕ್ಕೆ ನಾನು ಇದನ್ನೇ ಸೂಚಿಸುತ್ತೇನೆ. ಆದರೆ ಅರವತ್ತು ದಾಟಿದವರ ಫೋನಿನಲ್ಲಿ ಅದನ್ನು ಹಾಕಿಕೊಡುವ ಮೊಮ್ಮಕ್ಕಳು ಬೇಕು.

ಡಿಸ್ಕಾರ್ಡ್ ಮುಖ್ಯವಾಗಿ ಕಂಪ್ಯೂಟರ್ ಆಟ, ಪ್ರೋಗ್ರಾಮಿಂಗ್, ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳಿಗೆ. ವಿಷಯಕ್ಕೊಂದು ಕೋಣೆ ಮಾಡಬಹುದು, ಧ್ವನಿಯಲ್ಲಿ ಸೇರಿ ಮಾತನಾಡಬಹುದು. ಕಾಲೇಜು ಹುಡುಗರಿಗೆ ಚೆನ್ನ. ದುರ್ಬಲ ನೆಟ್‌ವರ್ಕಿನಲ್ಲಿ ಅದರ ಧ್ವನಿಕೋಣೆ ನಡೆಯುವುದು ಕಷ್ಟ, ಜಿಲ್ಲೆಯ ಬಹುಪಾಲು ಹವ್ಯಾಸಗಳಿಗೆ ಅದರ ಅಗತ್ಯವೂ ಕಾಣದು.

ಇವೆಲ್ಲವೂ ಬೇರೆಯವರ ಜಾಗಗಳೆಂಬುದನ್ನು ನೆನಪಿಡಬೇಕು. ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು, ಯಾಹೂ ಗ್ರೂಪ್ಸ್ 2020ರ ಡಿಸೆಂಬರ್‌ನಲ್ಲಿ ಮುಗಿಯಿತು. ಅವುಗಳಲ್ಲಿ ವರ್ಷಗಟ್ಟಲೆ ಕೂಡಿಟ್ಟ ಚರ್ಚೆಗಳನ್ನು ಯಾರಾದರೂ ಮೊದಲೇ ಇಳಿಸಿಕೊಂಡಿದ್ದರೆ ಉಳಿಯಿತು, ಇಲ್ಲದಿದ್ದರೆ ಇಲ್ಲ.

ಗಾತ್ರ ಮತ್ತು ಜನ

ಮನುಷ್ಯರು ಸ್ಥಿರವಾದ ಸಂಬಂಧ ಇಟ್ಟುಕೊಳ್ಳಬಲ್ಲವರ ಸಂಖ್ಯೆ ಸುಮಾರು 150 ಎಂದು ಬ್ರಿಟಿಷ್ ಮಾನವಶಾಸ್ತ್ರಜ್ಞ ರಾಬಿನ್ ಡನ್‌ಬಾರ್ 1990ರ ದಶಕದ ಆರಂಭದಲ್ಲಿ ವಾದಿಸಿದರು. ಆ ಸಂಖ್ಯೆಯ ಬಗ್ಗೆ ತಕರಾರುಗಳಿವೆ, ಹಾಗಾಗಿ ಅದನ್ನು ಗೆರೆಯಾಗಿ ಎಳೆಯಬೇಕಿಲ್ಲ. ಇದಕ್ಕಿಂತ ಉಪಯುಕ್ತವಾದದ್ದು 2006ರಲ್ಲಿ ಜಾಲತಾಣಗಳ ಬಳಕೆಯ ತಜ್ಞ ಯಾಕೋಬ್ ನೀಲ್ಸನ್ ಗುರುತಿಸಿದ ಸ್ಥೂಲ ಪ್ರಮಾಣ: ಅಂತರ್ಜಾಲದ ಬಳಗಗಳಲ್ಲಿ ನೂರರಲ್ಲಿ ತೊಂಬತ್ತು ಮಂದಿ ಓದುತ್ತಾರಷ್ಟೇ, ಒಂಬತ್ತು ಮಂದಿ ಅಪರೂಪಕ್ಕೆ ಬರೆಯುತ್ತಾರೆ, ಒಬ್ಬರು ಮಾತ್ರ ಹೆಚ್ಚಿನದನ್ನು ಬರೆಯುತ್ತಾರೆ. ಅಂದರೆ ಇನ್ನೂರು ಜನರ ಗುಂಪೊಂದು ಇಬ್ಬರ ಮೇಲೆ ನಿಂತಿರಬಹುದು. ಸೇರುವ ಮುನ್ನ ಸದಸ್ಯರ ಸಂಖ್ಯೆ ನೋಡುವುದಕ್ಕಿಂತ ಆ ಇಬ್ಬರು ಯಾರು, ಅವರ ಸ್ವಭಾವವೇನು ಎಂದು ನೋಡುವುದು ಮೇಲು.

ಸೇರಿದ ಮೊದಲ ಎರಡು ವಾರ ಏನೂ ಬರೆಯದೆ ಗಮನಿಸಿ ಎಂಬುದು ನನ್ನ ಸಲಹೆ. ಹೊಸಬರ ಸಾಧಾರಣ ಪ್ರಶ್ನೆಗೆ ಯಾರು, ಎಂಥ ದನಿಯಲ್ಲಿ ಉತ್ತರಿಸುತ್ತಾರೆ? ತಿಳಿದವರು ‘ನನಗೆ ಗೊತ್ತಿಲ್ಲ’ ಎಂದು ಹೇಳುವುದುಂಟೇ? ತಪ್ಪು ಹೇಳಿದ ಹಿರಿಯರನ್ನು ಕಿರಿಯರು ತಿದ್ದಿದಾಗ ಏನಾಗುತ್ತದೆ? ನಮ್ಮ ಕಡೆ ಹಿರಿಯರ ಮಾತಿಗೆ ಎದುರಾಡುವ ವಾಡಿಕೆ ಕಡಿಮೆ. ‘ಹೌದು ಸರ್, ಆದರೆ ಹಿಂದಿನ ರೆಕ್ಕೆಯ ಚುಕ್ಕೆ ನೋಡಿದರೆ ಬೇರೆ ಅನ್ನಿಸುತ್ತದೆ’ ಎಂದು ಬರೆಯುವ ಹುಡುಗಿಗೆ ಸರ್ ಅವರೇ ‘ಸರಿ, ನೀನು ಹೇಳಿದ್ದೇ ಇರಬೇಕು’ ಎಂದು ಉತ್ತರಿಸುವ ಗುಂಪು ಸಿಕ್ಕಿದರೆ ಬಿಡಬಾರದು. ದಿನವೂ ಶುಭೋದಯದ ಹೂಗಳು, ಚುನಾವಣೆಯ ವೀಡಿಯೊಗಳು ಬಂದು ಯಾರೂ ತಡೆಯದಿದ್ದರೆ ವಿಷಯ ಎಷ್ಟೇ ಆಕರ್ಷಕವಾಗಿದ್ದರೂ ಹೊರಬನ್ನಿ.

ಜಾಗ, ಕಾಯ್ದೆ, ಹೊಟ್ಟೆ

ಕೆಲವು ಹವ್ಯಾಸಗಳಲ್ಲಿ ತಪ್ಪು ಬಳಗದ ಆಯ್ಕೆಯಿಂದ ನಷ್ಟವಾಗುವುದು ನಮಗಲ್ಲ, ನಾವು ಪ್ರೀತಿಸುವ ವಸ್ತುವಿಗೆ. ದಾಂಡೇಲಿ ಸುತ್ತಿನ ಕಾಡಿನಲ್ಲಿ ನಾಲ್ಕು ಬಗೆಯ ಮಂಗಟ್ಟೆಗಳಿವೆ. ಹೆಣ್ಣು ಪೊಟರೆಯೊಳಗೆ ತನ್ನನ್ನು ಮುಚ್ಚಿಕೊಂಡು ಕೂತಿರುವ ತಿಂಗಳುಗಳಲ್ಲಿ ಗೂಡಿನ ಜಾಗ ಒಂದು ಗುಂಪಿನಲ್ಲಿ ಬಿದ್ದರೆ ಮರುದಿನ ಮರದಡಿಯಲ್ಲಿ ಹತ್ತು ಕ್ಯಾಮರಾ ನಿಲ್ಲುತ್ತವೆ. ಗಂಡು ಆಹಾರ ತರಲು ಹಿಂಜರಿದರೆ ಒಳಗಿರುವ ತಾಯಿ ಮರಿಗಳಿಗೆ ಉಪವಾಸ. ಐನ್ಯಾಚುರಲಿಸ್ಟ್‌ನಲ್ಲಿ ಅಪಾಯದಲ್ಲಿರುವ ಜಾತಿಗಳ ನಿಖರ ಜಾಗವನ್ನು ಮಸುಕುಗೊಳಿಸಿ ಸುಮಾರು 22 ಕಿಲೋಮೀಟರ್ ಅಗಲದ ಚೌಕದೊಳಗೆ ಎಲ್ಲೋ ಎಂದಷ್ಟೇ ತೋರಿಸುವ ವ್ಯವಸ್ಥೆಯಿದೆ, ಬಳಕೆದಾರರು ತಾವೇ ಅದನ್ನು ಬೇರೆ ದಾಖಲೆಗೂ ಹಾಕಬಹುದು. ವಾಟ್ಸಾಪ್‌ನಲ್ಲಿ ಇರುವುದು ಸದಸ್ಯರ ವಿವೇಕ ಮಾತ್ರ. ಸೀತಾಳೆ, ಹಾವು, ಮಂಗಟ್ಟೆಗಳಲ್ಲಿ ಆಸಕ್ತಿಯುಳ್ಳವರು ಈ ಒಂದು ಕಾರಣಕ್ಕೇ ದಾಖಲೆಯ ತಾಣವನ್ನು ಮೊದಲು ಆರಿಸಬೇಕೆಂದು ಹೇಳುತ್ತೇನೆ.

ಕಾರವಾರ, ಗೋಕರ್ಣದ ದಂಡೆಯಲ್ಲಿ ಶಂಖ, ಚಿಪ್ಪು ಹೆಕ್ಕುವವರು ಸೇರುವ ಗುಂಪಿನಲ್ಲಿ ಮಾರಾಟದ ಮಾತು ನಡೆಯುತ್ತದೆಯೇ ಎಂದು ನೋಡಿಕೊಳ್ಳಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ 2001ರಲ್ಲಿ ಕೆಲವು ಸಮುದ್ರ ಮೃದ್ವಂಗಿಗಳು, ಹವಳಗಳು, ಕಡಲಕುದುರೆಗಳು ಸೇರಿವೆ. ಅವುಗಳ ಸಂಗ್ರಹ ಮತ್ತು ವ್ಯಾಪಾರ ಅಪರಾಧ. ಚಿತ್ರ ತೆಗೆದು ಅಲ್ಲೇ ಬಿಡುವ ಬಳಗಗಳಿವೆ, ಅವನ್ನೇ ಹುಡುಕಿ. 2024ರಲ್ಲಿ ಜಾಗತಿಕ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿದ ಅಘನಾಶಿನಿ ಅಳಿವೆಯ ಚಿಪ್ಪಿಗಳ ಬಗ್ಗೆ ತಿಳಿಯಬೇಕಾದರೆ ಅವುಗಳನ್ನು ಇಳಿತದ ಹೊತ್ತಿನಲ್ಲಿ ಆಯ್ದು ಬದುಕುವವರು ಇರುವ ಸ್ಥಳೀಯ ಗುಂಪಿನಷ್ಟು ಒಳ್ಳೆಯ ಶಾಲೆ ಮತ್ತೊಂದಿಲ್ಲ.

ಅಣಬೆಯ ಬಳಗಗಳ ಮಟ್ಟಿಗೆ ಒಂದೇ ಅಳತೆ: ‘ತಿನ್ನಬಹುದೇ’ ಎಂಬ ಪ್ರಶ್ನೆಗೆ ಚಿತ್ರ ನೋಡಿ ‘ತಿನ್ನಬಹುದು’ ಎಂದು ಉತ್ತರಿಸುವ ಗುಂಪಿನಲ್ಲಿ ಇರಬೇಡಿ.

ನೀವೇ ಶುರುಮಾಡುವುದಾದರೆ

ಜಿಲ್ಲೆಯಲ್ಲಿ ನಿಮ್ಮ ಆಸಕ್ತಿಯ ಬಳಗ ಇಲ್ಲವೆಂದಾದರೆ ಎರಡು ಹಂತದಲ್ಲಿ ಕಟ್ಟುವುದು ಒಳ್ಳೆಯದು. ಮಾತಿಗೆ ಪರಿಚಿತರ ಪುಟ್ಟ ವಾಟ್ಸಾಪ್ ಗುಂಪು, ಉಳಿಯಬೇಕಾದದ್ದಕ್ಕೆ ದಾಖಲೆಯ ತಾಣ. ಗುಂಪಿನಲ್ಲಿ ಗುರುತಾದದ್ದನ್ನು ಅದೇ ವಾರ ತಾಣಕ್ಕೆ ಏರಿಸುವ ಹೊಣೆ ಒಬ್ಬರದು. ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕಾಗಿ ಬಂದರೆ, ಅಪ್ಪೆಮಿಡಿಯಂತಹ ಕೈಬದಲಿನ ಹವ್ಯಾಸಗಳನ್ನು ಬಿಟ್ಟು ಉಳಿದೆಲ್ಲಕ್ಕೂ ನನ್ನ ಮತ ದಾಖಲೆಯ ತಾಣಕ್ಕೆ. ಮಾತು ಎಲ್ಲಾದರೂ ಮತ್ತೆ ಹುಟ್ಟುತ್ತದೆ, ಕಳೆದ ದಾಖಲೆ ಮತ್ತೆ ಹುಟ್ಟುವುದಿಲ್ಲ.

ಗುಂಪಿನ ವಿವರಣೆಯ ಜಾಗದಲ್ಲಿ ಉದ್ದೇಶವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ‘ಪ್ರಕೃತಿ ಪ್ರೇಮಿಗಳು’ ಎಂದು ಬರೆದರೆ ಜಲಪಾತದ ಸೆಲ್ಫಿಗಳು ಬರುತ್ತವೆ. ‘ಉತ್ತರ ಕನ್ನಡದ ಪತಂಗಗಳ ಗುರುತು’ ಎಂದು ಬರೆದರೆ ಪತಂಗಗಳು ಬರುತ್ತವೆ. ಕಾರವಾರದ ಕೊಂಕಣಿ ಹೆಸರುಗಳಿಗೂ ಘಟ್ಟದ ಮೇಲಿನ ಕನ್ನಡ ಹೆಸರುಗಳಿಗೂ ಜಾಗವಿರಲಿ, ಪಕ್ಕದಲ್ಲಿ ವೈಜ್ಞಾನಿಕ ಹೆಸರನ್ನು ಬರೆಯುವ ರೂಢಿ ಇರಲಿ. ಸದಸ್ಯರೊಬ್ಬರು ಹಾಕಿದ ಆಕ್ಷೇಪಾರ್ಹ ಸಂದೇಶಕ್ಕೆ ನಿರ್ವಾಹಕರು ತಾವಾಗಿ ಹೊಣೆಯಾಗುವುದಿಲ್ಲವೆಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಆ ಹೆದರಿಕೆಯಿಂದ ಗುಂಪು ಕಟ್ಟಲು ಹಿಂಜರಿಯುವವರಿಗೆ ಇದು ತಿಳಿದಿರಲಿ. ಹಾಗೆಂದು ಅಂಥ ಸಂದೇಶಗಳನ್ನು ಅಳಿಸುವ ಕೆಲಸ ತಪ್ಪುವುದಿಲ್ಲ.

ನಿರ್ವಾಹಕರು ಇಬ್ಬರಿರಲಿ, ಸಾಧ್ಯವಾದರೆ ಒಬ್ಬರು ಘಟ್ಟದ ಮೇಲಿನವರು, ಒಬ್ಬರು ಕೆಳಗಿನವರು. ಒಂದೆಡೆ ಕರೆಂಟು ಹೋಗಿ ಮೂರು ದಿನವಾದರೂ ಇನ್ನೊಂದೆಡೆಯವರು ಇರುತ್ತಾರೆ. ವಾಟ್ಸಾಪ್‌ನಲ್ಲಿ ಒಬ್ಬರೇ ನಿರ್ವಾಹಕರಿದ್ದು ಅವರು ಹೊರಹೋದರೆ ಉಳಿದ ಸದಸ್ಯರಲ್ಲಿ ಒಬ್ಬರನ್ನು ಆ್ಯಪ್ ತಾನೇ ಆ ಜಾಗಕ್ಕೆ ಕೂರಿಸುತ್ತದೆ, ಆ ವ್ಯಕ್ತಿ ಗುಂಪನ್ನು ತೆರೆದು ಆರು ತಿಂಗಳಾಗಿದ್ದರೂ ಸರಿ. ವರ್ಷಕ್ಕೊಮ್ಮೆ, ಮಳೆ ನಿಂತ ಮೇಲೆ, ಇಡೀ ಮಾತುಕತೆಯನ್ನು ಎಕ್ಸ್‌ಪೋರ್ಟ್ ಮಾಡಿ ಇಬ್ಬರೂ ತಮ್ಮ ತಮ್ಮ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಬೇಕು, ಮತ್ತು ಮೂರನೆಯ ಪ್ರತಿಯನ್ನು ಗುಂಪಿನಲ್ಲಿ ಹೆಚ್ಚು ಮಾತನಾಡದ, ಆದರೆ ಕಡತಗಳನ್ನು ಜೋಪಾನವಾಗಿ ಇಡುವ ಒಬ್ಬರಿಗೆ ಕೊಡಬೇಕು.